ಎದುರು ದಿಕ್ಕಿನ ರೈಲು ಹತ್ತಿ ಬನ್ನಿ: ಇಂಗ್ಲೆಂಡಿನ ನ್ಯೂಕ್ಯಾಸಲ್ ಸುತ್ತಮುತ್ತಲಿನ ಕನ್ನಡಿಗರಿಗೊಂದು ಬಹಿರಂಗ ಪತ್ರ

ಆತ್ಮೀಯ ಬಂಧುಗಳೇ,

ಕಳೆದ ರಾಜ್ಯೋತ್ಸವದ ಕೂಟದಲ್ಲಿ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಿದ್ದಾಗ, ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಯುವಕರೊಬ್ಬರು ನನ್ನ ಮನೆ ಎಲ್ಲಿ ಎಂದು ವಿಚಾರಿಸಿದರು. ಆಶಿಂಗ್ಟನ್ ಎಂದೆ. ನ್ಯೂಕ್ಯಾಸಲ್ ಯುನೈಟೆಡ್ ತಂಡದ ಕಪ್ಪು ಬಿಳುಪು ಪಟ್ಟೆಯ ಜೆರ್ಸಿಯ ಮೇಲೆ ಕೆಂಪು ಹಳದಿ ಶಾಲು ಹೊದ್ದಿದ್ದ ಆ ಹುಡುಗ, ಯಾವ ಕುಹಕವೂ ಇಲ್ಲದೆ, ನಿಜವಾದ ಕುತೂಹಲದಿಂದ ಕೇಳಿದರು: "ಅಲ್ಲಿ ಏನಿದೆ ಮೇಡಂ? ಗಣಿ ಮುಚ್ಚಿದ ಮೇಲೆ ಆ ಊರಲ್ಲಿ ಏನೂ ಉಳಿದಿಲ್ಲವಂತಲ್ಲ?" ಅಷ್ಟರಲ್ಲಿ ಸಾಲು ಮುಂದೆ ಸರಿಯಿತು, ನನ್ನ ತಟ್ಟೆ ತುಂಬಿತು, ಉತ್ತರ ಬಾಯಲ್ಲೇ ಉಳಿಯಿತು. ಆ ಉತ್ತರವನ್ನು ಅವರೊಬ್ಬರಿಗೇ ಹೇಳುವ ಬದಲು ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ. ಜೊತೆಗೆ ಒಂದು ಕೋರಿಕೆಯೂ ಇದೆ.

ಆ ಪ್ರಶ್ನೆ ನನ್ನನ್ನು ಯಾಕೆ ಅಷ್ಟು ತಟ್ಟಿತು ಎಂಬುದನ್ನು ಮೊದಲು ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ನನ್ನ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. 2001ರ ಫೆಬ್ರವರಿ ಕೊನೆಯಲ್ಲಿ ಗಣಿ ಬಾಗಿಲು ಹಾಕಿತು. ಅಂದಿನಿಂದ ಬೆಂಗಳೂರಿನ ನೆಂಟರಿಷ್ಟರು, ಕಾಲೇಜಿನ ಸಹಪಾಠಿಗಳು, ಕೊನೆಗೆ ಮದುವೆಯ ಮಾತುಕತೆಗೆ ಬಂದವರು ಕೂಡ ನಮ್ಮನ್ನು ಕೇಳುತ್ತಿದ್ದದ್ದು ಇದೇ ಪ್ರಶ್ನೆಯನ್ನು: "ಈಗ ಅಲ್ಲಿ ಏನಿದೆ?" ಕೇಳಿದವರಿಗೆ ಅದು ಲೋಕಾಭಿರಾಮದ ಮಾತು. ಆ ಊರಿನಲ್ಲೇ ಬೆಳಗಾಗುವವರಿಗೆ ಮಾತ್ರ, ನೀವಿನ್ನೂ ಇಲ್ಲಿ ಯಾಕಿದ್ದೀರಿ ಎಂದು ಕೇಳಿದ ಹಾಗಾಗುತ್ತದೆ. ಹಾಗಾಗಿ ಹನ್ನೊಂದು ವರ್ಷಗಳ ಹಿಂದೆ ಇಲ್ಲಿನ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಕೆಲಸ ಸಿಕ್ಕು, ಬಾಡಿಗೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಆಶಿಂಗ್ಟನ್ನಿನಲ್ಲಿ ಮನೆ ಹಿಡಿದಾಗ, ನನಗೆ ಅದು ಪರದೇಶ ಎನಿಸಲೇ ಇಲ್ಲ. ಮಳೆ ಹೆಚ್ಚು, ಬಿಸಿಲು ಕಡಿಮೆ, ಉಳಿದದ್ದೆಲ್ಲ ನಮ್ಮೂರು.

ನ್ಯೂಕ್ಯಾಸಲ್‌ನಿಂದ ಉತ್ತರಕ್ಕೆ ಸುಮಾರು 24 ಕಿಲೋಮೀಟರ್ ದೂರದಲ್ಲಿರುವ ಈ ಊರು ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೆ ಬರೀ ಹೊಲಗದ್ದೆಯಾಗಿತ್ತು. 1860ರ ದಶಕದಲ್ಲಿ ಕಲ್ಲಿದ್ದಲಿಗಾಗಿ ಶಾಫ್ಟ್ ತೋಡಿದರು. ಕೆಲವೇ ದಶಕಗಳಲ್ಲಿ ಅದು ಸಾವಿರಾರು ಕಾರ್ಮಿಕರ ಪಟ್ಟಣವಾಯಿತು, ಜಗತ್ತಿನ ಅತಿ ದೊಡ್ಡ ಗಣಿ ಹಳ್ಳಿ ಎಂದು ತನ್ನನ್ನು ತಾನೇ ಕರೆದುಕೊಂಡಿತು. ಕಂಪನಿ ಕಟ್ಟಿಸಿದ ಸಾಲು ಮನೆಗಳಿಗೆ ಹೆಸರು ಹುಡುಕುವ ಗೋಜಿಗೆ ಹೋಗದೆ ಫಸ್ಟ್ ರೋ, ಸೆಕೆಂಡ್ ರೋ ಎಂದು ನಂಬರು ಕೊಟ್ಟರು. ಹರ್ಸ್ಟ್ ಎಂಬ ಭಾಗಕ್ಕೆ ಬರುವಾಗ ಯಾರಿಗೋ ಸಾಹಿತ್ಯದ ನೆನಪಾಗಿರಬೇಕು, ಬಿಯಾಟ್ರಿಸ್, ರೋಸಲಿಂಡ್, ಜೂಲಿಯೆಟ್ ಎಂದು ಶೇಕ್ಸ್‌ಪಿಯರನ ನಾಯಕಿಯರ ಹೆಸರಿಟ್ಟರು. ನಮ್ಮ ಕೆ.ಜಿ.ಎಫ್.ನಲ್ಲಿ ಇವೇ ಸಾಲು ಮನೆಗಳನ್ನು ಲೈನ್ ಎನ್ನುತ್ತಿದ್ದೆವು. "ಯಾವ ಲೈನು?" ಎಂದು ಕೇಳಿದರೆ ಮನೆ, ಕೆಲಸ, ನೆರೆಹೊರೆ ಎಲ್ಲವೂ ಒಂದೇ ಮಾತಿನಲ್ಲಿ ತಿಳಿದುಬಿಡುತ್ತಿತ್ತು. ಇಲ್ಲಿನ ಮುದುಕರು ಇಂದಿಗೂ "ಯಾವ ರೋ?" ಎಂದು ಕೇಳುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಗಣಿಯೊಳಗೆ ಹುಟ್ಟಿದ ಅವರ ಆಡುನುಡಿಗೆ ಪಿಟ್‌ಮ್ಯಾಟಿಕ್ ಎಂದು ಹೆಸರು. ಜೊತೆಯಲ್ಲಿ ದುಡಿಯುವವನನ್ನು ಅದರಲ್ಲಿ "ಮಾರ" ಎನ್ನುತ್ತಾರೆ. ಮೊದಲ ಸಲ ಬಸ್ಸಿನಲ್ಲಿ ಆ ಮಾತು ಕಿವಿಗೆ ಬಿದ್ದಾಗ ಯಾರೋ ನಮ್ಮವರು "ಮಾರಾಯ" ಎಂದರೇನೋ ಎಂದು ತಿರುಗಿ ನೋಡಿದ್ದೆ.

ಈ ಸಾಲು ಮನೆಗಳ ಹಿಂಬದಿಯ ಓಣಿಗಳಲ್ಲಿ ಏನು ಬೆಳೆಯಿತು ಎಂಬುದನ್ನು ಫುಟ್‌ಬಾಲ್ ಪ್ರೀತಿಸುವ ನಿಮ್ಮಲ್ಲಿ ಅನೇಕರು ಬಲ್ಲಿರಿ, ಆದರೆ ಅದನ್ನು ಈ ಊರಿನ ಹೆಸರಿನೊಂದಿಗೆ ಜೋಡಿಸಿ ನೋಡಿರಲಾರಿರಿ. 1966ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಾಗ ತಂಡದಲ್ಲಿದ್ದ ಅಣ್ಣತಮ್ಮಂದಿರಾದ ಜ್ಯಾಕ್ ಚಾರ್ಲ್ಟನ್ ಮತ್ತು ಬಾಬಿ ಚಾರ್ಲ್ಟನ್ ಬೆಳೆದದ್ದು ಬಿಯಾಟ್ರಿಸ್ ಸ್ಟ್ರೀಟಿನಲ್ಲಿ. ನ್ಯೂಕ್ಯಾಸಲ್ ಯುನೈಟೆಡ್ ಪರ 200 ಗೋಲು ಹೊಡೆದು, 1951, 1952, 1955ರಲ್ಲಿ ದೇಶದ ನಾಕೌಟ್ ಟೂರ್ನಿಯಾದ ಎಫ್.ಎ. ಕಪ್ ಗೆದ್ದುಕೊಟ್ಟ ಜ್ಯಾಕಿ ಮಿಲ್ಬರ್ನ್ ಇದೇ ಊರಿನವರು, ಚಾರ್ಲ್ಟನ್ ಸೋದರರ ತಾಯಿಗೆ ದಾಯಾದಿ ಸಂಬಂಧ. ಗಣಿಯಲ್ಲಿ ಫಿಟ್ಟರ್ ಕೆಲಸ ಕಲಿತವರು ಅವರು; 1955ರ ಫೈನಲ್‌ನಲ್ಲಿ ಆಟ ಆರಂಭವಾಗಿ 45 ಸೆಕೆಂಡಿಗೆ ಅವರು ತಲೆಯಿಂದ ಹೊಡೆದ ಚೆಂಡು ಗೋಲಾಗಿತ್ತು. ಬರ್ನ್‌ಲಿ ತಂಡದ ನಾಯಕರಾಗಿದ್ದ ಜಿಮ್ಮಿ ಆ್ಯಡಮ್ಸನ್ ಕೂಡ ಇಲ್ಲಿಯವರೇ. ಇಂಗ್ಲೆಂಡಿನ ಫುಟ್‌ಬಾಲ್ ಬರಹಗಾರರು ಕೊಡುವ ವರ್ಷದ ಆಟಗಾರ ಪ್ರಶಸ್ತಿ 1962ರಲ್ಲಿ ಆ್ಯಡಮ್ಸನ್‌ಗೆ, 1966ರಲ್ಲಿ ಬಾಬಿಗೆ, 1967ರಲ್ಲಿ ಜ್ಯಾಕ್‌ಗೆ ಸಂದಿತು. ಇಪ್ಪತ್ತೆಂಟು ಸಾವಿರ ಜನರೂ ತುಂಬಿರದ ಒಂದು ಊರಿನಿಂದ ಆರು ವರ್ಷಗಳ ಅವಧಿಯಲ್ಲಿ ಮೂವರು.

ಈ ಹೆಸರುಗಳಿಗಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ಕೂತದ್ದು ಚಾರ್ಲ್ಟನ್ ಸೋದರರ ತಂದೆಯ ಕಥೆ. 1966ರ ಜುಲೈ 26ರಂದು ವೆಂಬ್ಲಿಯಲ್ಲಿ ಪೋರ್ಚುಗಲ್ ವಿರುದ್ಧ ಸೆಮಿಫೈನಲ್ ನಡೆಯಿತು. ಬಾಬಿ ಎರಡು ಗೋಲು ಹೊಡೆದರು, ಇಂಗ್ಲೆಂಡ್ 2–1ರಲ್ಲಿ ಗೆದ್ದಿತು. ದೇಶವೆಲ್ಲ ಟಿ.ವಿ. ಮುಂದೆ ಕೂತಿದ್ದ ಆ ಸಂಜೆ, ಇಬ್ಬರು ಮಕ್ಕಳು ಅಂಗಳದಲ್ಲಿದ್ದ ಆ ಪಂದ್ಯವನ್ನು ತಂದೆ ನೋಡಲಿಲ್ಲ, ಏಕೆಂದರೆ ಅವರು ಗಣಿಯಲ್ಲಿ ಶಿಫ್ಟಿನಲ್ಲಿದ್ದರು. ಗಣಿ ಊರಿನ ಹೊರಗಿನವರಿಗೆ ಇದು ವಿಚಿತ್ರವೆನಿಸಬಹುದು. ನನಗೆ ಅನಿಸುವುದಿಲ್ಲ. ನನ್ನ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ ಅಪ್ಪ ಕೆಳಗಿದ್ದರು. ಕೇಜ್, ಅಂದರೆ ಗಣಿಯ ಲಿಫ್ಟ್, ಮೇಲೆ ಬಂದ ನಂತರ ಗೇಟಿನ ಹತ್ತಿರ ಯಾರೋ ಹೇಳಿ ಅವರಿಗೆ ತಿಳಿದದ್ದು. ಅಣ್ಣ ಜ್ಯಾಕ್ ಹದಿನೈದರ ವಯಸ್ಸಿಗೆ ಗಣಿಗೆ ಸೇರಿದ್ದರು. ಕೆಳಗಿನ ಕೆಲಸ ಎಂಥದ್ದೆಂದು ಕಂಡೊಡನೆ, ಇದು ನನ್ನಿಂದಾಗದು ಎಂದು ನೋಟಿಸ್ ಕೊಟ್ಟು ಲೀಡ್ಸ್ ತಂಡಕ್ಕೆ ಹೋದರು. ಫುಟ್‌ಬಾಲ್ ಆಗ ಆ ಹುಡುಗರಿಗೆ ಬಿಡುವಿನ ಮೋಜು ಮಾತ್ರವಾಗಿರಲಿಲ್ಲ, ಕೇಜಿಗೆ ಕಾಲಿಡದೆ ಬದುಕುವ ಕೆಲವೇ ದಾರಿಗಳಲ್ಲಿ ಅದೂ ಒಂದಾಗಿತ್ತು.

ಆ ಸೋದರರ ತಾಯಿ ಸಿಸ್ಸಿಯವರ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗಲಾರೆ. ಅವರ ನಾಲ್ವರು ಅಣ್ಣತಮ್ಮಂದಿರೂ ವೃತ್ತಿಪರ ಆಟಗಾರರು, ಅವರ ತಂದೆ ಆಶಿಂಗ್ಟನ್ ತಂಡದ ಗೋಲ್‌ಕೀಪರ್. ಚಿಕ್ಕ ಬಾಬಿಗೆ ಚೆಂಡಾಟದ ಪಾಠ ಹೇಳಿಕೊಟ್ಟವರಲ್ಲಿ ತಾಯಿಯೂ ಒಬ್ಬರು. ಹೆಣ್ಣುಮಕ್ಕಳಿಗೆ ಆಟದ ಗೊಡವೆ ಯಾಕೆ ಎಂದು ನಮ್ಮ ಕೂಟಗಳಲ್ಲಿ ಇನ್ನೂ ಗೊಣಗುವ ಹಿರಿಯರಿದ್ದಾರೆ, ಅವರಿಗಾಗಿ ಇಷ್ಟು ಹೇಳಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಎಲ್ಲ ನಕ್ಷತ್ರಗಳು ದೊಡ್ಡ ಊರುಗಳಿಗೆ ಹೋಗಿ ಬೆಳಗಿದವು, ಆದರೆ ಆಶಿಂಗ್ಟನ್ನಿಗೆ ತನ್ನದೇ ಒಂದು ಕ್ಲಬ್ ಇದೆ. 1883ರಲ್ಲಿ ಹುಟ್ಟಿದ ಆಶಿಂಗ್ಟನ್ ಎ.ಎಫ್.ಸಿ. ತಂಡವನ್ನು ಜನ ಕರೆಯುವುದು ಕೋಲಿಯರ್ಸ್ ಎಂದು, ಅಂದರೆ ಕಲ್ಲಿದ್ದಲು ಗಣಿಯವರು. 1909ರಿಂದ ಅದರ ಅಂಗಳ ಊರ ನಡುವಿನ ಪೋರ್ಟ್‌ಲ್ಯಾಂಡ್ ಪಾರ್ಕ್. ನೆಲದೊಡೆಯನಾಗಿದ್ದ ಡ್ಯೂಕ್‌ನ ಹೆಸರು ಅದು. 1921ರಲ್ಲಿ ಈ ಕ್ಲಬ್ ದೇಶದ ಫುಟ್‌ಬಾಲ್ ಲೀಗಿಗೆ, ಅದರ ಮೂರನೆಯ ಡಿವಿಷನ್ನಿನ ಉತ್ತರ ವಿಭಾಗಕ್ಕೆ ಸೇರಿತು. ಎಂಟು ಋತುಗಳ ಕಾಲ ಗಣಿ ಕಾರ್ಮಿಕರ ಒಂದು ಊರು ದೊಡ್ಡ ದೊಡ್ಡ ಪಟ್ಟಣಗಳ ಎದುರು ಆಡಿತು. ನಡುವೆ 1926 ಬಂತು; ಗಣಿ ಮಾಲೀಕರು ಬಾಗಿಲು ಹಾಕಿ, ಕಾರ್ಮಿಕರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಕೂತರು. ಒಲೆ ಹೊತ್ತದ ಮನೆಯವನು ಟಿಕೆಟ್ಟಿಗೆ ಎಲ್ಲಿಂದ ದುಡ್ಡು ತರಬೇಕು? 1929ರಲ್ಲಿ ಲೀಗಿನ ಇತರ ಕ್ಲಬ್ಬುಗಳ ಮತದಾನದಲ್ಲಿ ಆಶಿಂಗ್ಟನ್ ಸೋತು ಹೊರಬಿತ್ತು, ಅದರ ಜಾಗ ಯಾರ್ಕ್ ಸಿಟಿಗೆ ಹೋಯಿತು. ಮತ್ತೆಂದೂ ಆ ಬಾಗಿಲು ತೆರೆಯಲಿಲ್ಲ.

ಹಾಗೆಂದು ಜನ ಕ್ಲಬ್ಬನ್ನು ಬಿಟ್ಟುಕೊಡಲಿಲ್ಲ. 1950ರ ಡಿಸೆಂಬರಿನಲ್ಲಿ, ಲೀಗಿನಿಂದ ಹೊರಬಿದ್ದು ಇಪ್ಪತ್ತೊಂದು ವರ್ಷಗಳಾದ ಮೇಲೆ, ಎಫ್.ಎ. ಕಪ್ಪಿನ ಎರಡನೆಯ ಸುತ್ತಿನಲ್ಲಿ ರೋಚ್‌ಡೇಲ್ ತಂಡ ಬಂದಾಗ ಪೋರ್ಟ್‌ಲ್ಯಾಂಡ್ ಪಾರ್ಕಿನಲ್ಲಿ ಸೇರಿದವರ ಸಂಖ್ಯೆ 13 ಸಾವಿರ ದಾಟಿತ್ತು. ಒಂದು ಶಿಫ್ಟಿನವರು ಕೆಳಗಿಳಿದು ಇನ್ನೊಂದು ಶಿಫ್ಟಿನವರು ಮೇಲೆ ಬಂದಿರುವ ಹೊತ್ತಿನಲ್ಲಿ, ಊರಿನ ಎಷ್ಟು ಮನೆಗಳಿಗೆ ಆ ಮಧ್ಯಾಹ್ನ ಬೀಗ ಬಿದ್ದಿರಬಹುದೆಂದು ನೀವೇ ಊಹಿಸಿಕೊಳ್ಳಿ.

ಆಟವೆಂಬುದು ಈ ಊರುಗಳಿಗೆ ಯಾರೂ ಧರ್ಮಕ್ಕೆ ಕೊಟ್ಟದ್ದಲ್ಲ. 1920ರ ಕಾನೂನಿನ ಪ್ರಕಾರ ಬ್ರಿಟನ್ನಿನಲ್ಲಿ ಗಣಿಯಿಂದ ಮೇಲೆ ಬಂದ ಪ್ರತಿ ಟನ್ ಕಲ್ಲಿದ್ದಲಿಗೆ ಒಂದು ಪೆನ್ನಿಯಂತೆ ಕಾರ್ಮಿಕರ ಕಲ್ಯಾಣ ನಿಧಿಗೆ ಹೋಗಬೇಕಾಗಿತ್ತು. ಗಣಿ ಬಾಯಿಯ ಸ್ನಾನದ ಮನೆ, ಆಟದ ಮೈದಾನ, ವೆಲ್‌ಫೇರ್ ಹಾಲ್ ಎಂಬ ಸಭಾಭವನ ಎಲ್ಲವೂ ಎದ್ದದ್ದು ಆ ಪೆನ್ನಿಗಳಿಂದ. ಯಾರೋ ಮಂಡಿಯೂರಿ, ಮಲಗಿ, ಉಸಿರಿನ ಜೊತೆ ಧೂಳು ಎಳೆದುಕೊಂಡು ಕಡಿದ ಟನ್ನುಗಳು ಅವು. ನನ್ನ ಬಳಿ ಚಿಕಿತ್ಸೆಗೆ ಬರುವ ಎಂಬತ್ತರ ವಯಸ್ಸಿನವರ ಮಂಡಿ, ಬೆನ್ನು, ಎದೆಗಳಲ್ಲಿ ಆ ಲೆಕ್ಕ ಇನ್ನೂ ಕಾಣುತ್ತದೆ. 1934ರಲ್ಲಿ ಇದೇ ಊರಿನ ಗಣಿ ಕಾರ್ಮಿಕರ ಒಂದು ಗುಂಪು ಸಂಜೆಯ ತರಗತಿಯಲ್ಲಿ ಚಿತ್ರಕಲೆ ಕಲಿಯಲು ಕೂತು, ಮುಂದೆ ಆಶಿಂಗ್ಟನ್ ಗ್ರೂಪ್ ಎಂದು ಹೆಸರಾಯಿತು. ಅವರ ಚಿತ್ರಗಳು ವುಡ್‌ಹಾರ್ನ್ ವಸ್ತುಸಂಗ್ರಹಾಲಯದಲ್ಲಿವೆ. "ಅಲ್ಲಿ ಏನಿದೆ" ಎಂದು ಕೇಳಿದವರು ಅಲ್ಲಿಂದಲೂ ಆರಂಭಿಸಬಹುದು.

ಗಣಿಗಳು ಮುಚ್ಚಿದ ಬಗೆಯನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಆ ಕಥೆ ಎಲ್ಲ ಕಡೆಯೂ ಒಂದೇ. ವುಡ್‌ಹಾರ್ನ್ ಗಣಿ 1981ರಲ್ಲಿ ನಿಂತಿತು. 1984ರ ಮಾರ್ಚಿನಿಂದ ಒಂದು ವರ್ಷ ದೇಶದ ಗಣಿ ಕಾರ್ಮಿಕರು ಮುಷ್ಕರ ಹೂಡಿ ಸೋತರು. ಆಶಿಂಗ್ಟನ್ ಗಣಿ 1988ರಲ್ಲಿ ಮುಚ್ಚಿತು. ಪಕ್ಕದ ಎಲಿಂಗ್ಟನ್ನಿನಲ್ಲಿ ಸಮುದ್ರದ ತಳದಡಿ ಕಲ್ಲಿದ್ದಲು ತೆಗೆಯುತ್ತಿದ್ದ ಗಣಿ 2005ರ ಆರಂಭದವರೆಗೆ ಹೆಣಗಾಡಿತು. ಅದರೊಂದಿಗೆ ಇಂಗ್ಲೆಂಡಿನ ಈಶಾನ್ಯ ಭಾಗದ ಆಳದ ಗಣಿಗಾರಿಕೆ ಮುಗಿಯಿತು. ಗಣಿಯ ತ್ಯಾಜ್ಯದ ಗುಡ್ಡವಿದ್ದ ಕಡೆ ಈಗ ಕೆರೆ ಮತ್ತು ಉದ್ಯಾನ ಇವೆ, ಬಾತುಕೋಳಿಗಳಿವೆ. ನಮ್ಮೂರಿನ ಸೈನೈಡ್ ದಿಬ್ಬಗಳು ಇಂದಿಗೂ ಹಾಗೇ ನಿಂತಿವೆ, ಗಾಳಿ ಎದ್ದ ದಿನ ಒಗೆದು ಹಾಕಿದ ಬಟ್ಟೆಯ ಮೇಲೆ ಧೂಳಾಗಿ ಇಳಿಯುತ್ತವೆ. ಆ ಒಂದು ವಿಷಯದಲ್ಲಿ ಇಲ್ಲಿಯವರು ಪುಣ್ಯವಂತರು ಎಂದು ನಾನು ಹೇಳಿದರೆ ನೆರೆಮನೆಯ ಅಜ್ಜ ಒಪ್ಪುವುದಿಲ್ಲ. ಕೆರೆಯಲ್ಲಿ ಯಾರಿಗೂ ಕೆಲಸ ಸಿಗುವುದಿಲ್ಲ ಎನ್ನುತ್ತಾರೆ.

ಕ್ಲಬ್ ಮಾತ್ರ ಮುಚ್ಚಲಿಲ್ಲ. ಹೆಸರಿನಲ್ಲಿ ಗಣಿಯನ್ನು ಹೊತ್ತುಕೊಂಡು, ಗಣಿಯ ದುಡ್ಡಿಲ್ಲದೆ, 1889ರಷ್ಟು ಹಳೆಯದಾದ ನಾರ್ದರ್ನ್ ಲೀಗಿನಲ್ಲಿ ದಶಕಗಟ್ಟಲೆ ಆಡಿತು. 2008ರಲ್ಲಿ, ಸುಮಾರು ನೂರು ವರ್ಷಗಳ ನಂತರ, ಪೋರ್ಟ್‌ಲ್ಯಾಂಡ್ ಪಾರ್ಕನ್ನು ಬಿಟ್ಟು ಊರಂಚಿನ ವುಡ್‌ಹಾರ್ನ್ ಲೇನ್‌ಗೆ ಹೋಯಿತು. ಊರ ನಡುವಿನಿಂದ ಅಂಚಿಗೆ ಹೋದದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂಬ ವಾದ ಚಹಾದ ಅಂಗಡಿಯಲ್ಲಿ ಇನ್ನೂ ನಡೆಯುತ್ತದೆ; ನನ್ನ ಮಟ್ಟಿಗೆ ನಡೆದು ಹೋಗುವ ದೂರದಲ್ಲಿದ್ದ ಅಂಗಳ ಯಾವ ಊರಿಗೂ ಒಳ್ಳೆಯದು. ಕ್ರಿಕೆಟ್ ಬಿಟ್ಟು ಬೇರೆ ಆಟವನ್ನು ಲೆಕ್ಕಕ್ಕೆ ಹಿಡಿಯದ ನಮ್ಮವರಿಗೆ ಇಲ್ಲೊಂದು ಸಮಾಧಾನವಿದೆ: ಇಂಗ್ಲೆಂಡಿನ ಮಾಜಿ ವೇಗದ ಬೌಲರ್ ಸ್ಟೀವ್ ಹಾರ್ಮಿಸನ್ ಈ ಊರಿನವರು, 2015ರಲ್ಲಿ ಅವರು ಈ ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಆದರು. ಇನ್ನೊಬ್ಬ ವೇಗದ ಬೌಲರ್ ಮಾರ್ಕ್ ವುಡ್ ಕೂಡ ಇಲ್ಲಿಯವರೇ. 2023ರಲ್ಲಿ ತಂಡ ಒಂದು ಮೆಟ್ಟಿಲು ಮೇಲೇರಿ ನಾರ್ದರ್ನ್ ಪ್ರೀಮಿಯರ್ ಲೀಗಿನ ಪೂರ್ವ ವಿಭಾಗಕ್ಕೆ ಬಂತು. ದೇಶದ ಫುಟ್‌ಬಾಲ್ ಏಣಿಯಲ್ಲಿ ಅದು ಎಂಟನೆಯ ಮಟ್ಟ. ತುದಿಯಲ್ಲಿರುವ ಪ್ರೀಮಿಯರ್ ಲೀಗಿನಿಂದ ಏಳು ಮೆಟ್ಟಿಲು ಕೆಳಗೆ.

ಎಂಟನೆಯ ಮಟ್ಟದ ಆಟವೆಂದರೆ ಏನೆಂದು ಟಿ.ವಿ.ಯಲ್ಲಿ ಮಾತ್ರ ಫುಟ್‌ಬಾಲ್ ನೋಡಿದವರಿಗೆ ಗೊತ್ತಾಗುವುದಿಲ್ಲ. ಆಟಗಾರರು ವಾರವಿಡೀ ಬೇರೆ ಕೆಲಸ ಮಾಡಿ, ಸಂಜೆ ಅಭ್ಯಾಸಕ್ಕೆ ಬಂದು, ಶನಿವಾರ ಮೂರು ಗಂಟೆಗೆ ಅಂಗಳಕ್ಕಿಳಿಯುತ್ತಾರೆ. ಗೇಟಿನಲ್ಲಿ ಟಿಕೆಟ್ ಕೊಡುವವರು, ಬಾವುಟ ಕಟ್ಟುವವರು, ಹುಲ್ಲು ಕತ್ತರಿಸುವವರು, ಚಹಾ ಕಾಯಿಸುವವರು ಯಾರಿಗೂ ಸಂಬಳವಿಲ್ಲ. ಗೇಟ್ ಕಲೆಕ್ಷನ್, ಬಾರಿನ ವ್ಯಾಪಾರ, ಲಾಟರಿಯಂಥ ರ‍್ಯಾಫಲ್ ಚೀಟಿ, ಅಂಗಳದ ಸುತ್ತ ಹಾಕಿದ ಸ್ಥಳೀಯ ಅಂಗಡಿಗಳ ಬೋರ್ಡು, ಇಷ್ಟರಲ್ಲೇ ಸಂಸಾರ. ಮಳೆ ಹೆಚ್ಚಾಗಿ ಅಂಗಳ ಕೆಸರಾದರೆ ಪಂದ್ಯ ಮುಂದಕ್ಕೆ, ಆ ವಾರದ ಆದಾಯ ಸೊನ್ನೆ. ಆಗಸ್ಟಿನಲ್ಲಿ ಎಫ್.ಎ. ಕಪ್ಪಿನ ಮೊದಮೊದಲ ಅರ್ಹತಾ ಸುತ್ತುಗಳು ಶುರುವಾದಾಗ ಈ ಮಟ್ಟದ ಕ್ಲಬ್ಬುಗಳೆಲ್ಲ ಮೈ ಎಲ್ಲ ಕಣ್ಣಾಗಿರುವುದು ಕಪ್ ಗೆಲ್ಲುವ ಭ್ರಮೆಯಿಂದಲ್ಲ. ಒಂದೆರಡು ಸುತ್ತು ಗೆದ್ದರೆ ಬರುವ ಬಹುಮಾನದ ಹಣದಿಂದ ಚಳಿಗಾಲದ ವಿದ್ಯುತ್ ಬಿಲ್ಲು ಕಟ್ಟಬಹುದು. ನೂರು ಜನ ಹೆಚ್ಚು ಬಂದರೆ ನ್ಯೂಕ್ಯಾಸಲ್ ಯುನೈಟೆಡ್ ತಂಡದ ಸೇಂಟ್ ಜೇಮ್ಸ್ ಪಾರ್ಕಿನಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ಇಲ್ಲಿ ನೂರು ಜನ ಹೆಚ್ಚು ಬಂದ ದಿನವನ್ನು ಗೇಟಿನವರು ತಿಂಗಳುಗಟ್ಟಲೆ ನೆನೆಯುತ್ತಾರೆ.

ನಾನು ಮೊದಲ ಸಲ ಹೋದದ್ದು ಬಂದು ಮೂರು ವರ್ಷಗಳಾದ ಮೇಲೆ, ಅದೂ ಮಗಳ ಹಠಕ್ಕೆ. ನೊವೆಂಬರ್ ತಿಂಗಳು, ಸಮುದ್ರದ ಕಡೆಯಿಂದ ಬರುತ್ತಿದ್ದ ಗಾಳಿಗೆ ಕಿವಿ ಮರಗಟ್ಟಿತ್ತು. ಪಕ್ಕದಲ್ಲಿ ನಿಂತಿದ್ದ ವಯಸ್ಸಾದವರೊಬ್ಬರು ನೀವು ಯಾವ ಕಡೆಯವರು ಎಂದು ಕೇಳಿದರು. ಆ ಪ್ರಶ್ನೆಯನ್ನು ಇಲ್ಲಿ ಹಲವು ದನಿಗಳಲ್ಲಿ ಕೇಳಿದ್ದೇನೆ, ಎಲ್ಲವೂ ಹಿತವಾಗಿರಲಿಲ್ಲ, ಹಾಗಾಗಿ ಸ್ವಲ್ಪ ಬಿಗಿಯಾಗಿಯೇ, "ಇಂಡಿಯಾದ ಒಂದು ಗಣಿ ಊರು" ಎಂದೆ. ಅವರ ಮುಖವೇ ಬದಲಾಯಿತು. ಎಷ್ಟು ಆಳ ಎಂದರು. ಮೂರು ಕಿಲೋಮೀಟರಿಗೂ ಹೆಚ್ಚು ಎಂದೆ. ನಂಬಲಿಲ್ಲ. ಕೆಳಗೆ ಬಂಡೆ ಮುಟ್ಟಿದರೆ ಕೈ ಸುಡುತ್ತಿತ್ತೆಂದು ಅಪ್ಪ ಹೇಳುತ್ತಿದ್ದದ್ದನ್ನು, ಒತ್ತಡಕ್ಕೆ ಬಂಡೆ ಸಿಡಿದು ರಾಕ್ ಬರ್ಸ್ಟ್ ಆದಾಗ ಮೇಲೆ ಮನೆಯ ಪಾತ್ರೆಗಳು ನಡುಗುತ್ತಿದ್ದದ್ದನ್ನು, ಗಣಿಗಳನ್ನು 1956ರವರೆಗೆ ನಡೆಸಿದ್ದು ಇವರದೇ ದೇಶದ ಜಾನ್ ಟೇಲರ್ ಕಂಪನಿ ಎಂಬುದನ್ನು ಹೇಳಿದೆ. ಅವರು ಎಲಿಂಗ್ಟನ್ನಿನಲ್ಲಿ ಸಮುದ್ರದಡಿ ದುಡಿದವರಂತೆ. ತಲೆಯ ಮೇಲೆ ಹಡಗು ಹೋಗುತ್ತಿರುವಾಗ ಕೆಳಗೆ ತಾವು ಬುತ್ತಿ ಬಿಚ್ಚುತ್ತಿದ್ದದ್ದನ್ನು ಹೇಳಿದರು. ಅಷ್ಟರಲ್ಲಿ ಎರಡು ಗೋಲು ಆಗಿಹೋಗಿದ್ದವು, ನಾವಿಬ್ಬರೂ ನೋಡಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವರ ಕೆಲಸದ ಬಗ್ಗೆ ನಾನು ಅಷ್ಟು ಹೊತ್ತು ಯಾರೊಂದಿಗೂ ಮಾತಾಡಿರಲಿಲ್ಲ, ಬೆಂಗಳೂರಿನಲ್ಲೂ ಇಲ್ಲ.

ಈಗ ರೈಲಿನ ವಿಷಯ. ಕಲ್ಲಿದ್ದಲು ಸಾಗಿಸಲು ಹಾಕಿದ ಹಳಿಯ ಮೇಲೆ ಜನರ ಗಾಡಿ 1964ರಲ್ಲಿ ನಿಂತುಹೋಗಿತ್ತು. ಅರವತ್ತು ವರ್ಷಗಳ ನಂತರ, 2024ರ ಡಿಸೆಂಬರ್ 15ರಂದು, ನಾರ್ಥಂಬರ್‌ಲ್ಯಾಂಡ್ ಲೈನ್ ಎಂಬ ಹೆಸರಿನಲ್ಲಿ ಆಶಿಂಗ್ಟನ್ ಮತ್ತು ನ್ಯೂಕ್ಯಾಸಲ್ ನಡುವೆ ರೈಲು ಮತ್ತೆ ಓಡಿತು. ಸುಮಾರು ಮುಕ್ಕಾಲು ಗಂಟೆಯೊಳಗಿನ ಪ್ರಯಾಣ. ಮೊದಲ ದಿನ ಪ್ಲಾಟ್‌ಫಾರ್ಮಿನ ಮೇಲೆ ಕಣ್ಣೊರೆಸಿಕೊಂಡ ಹಿರಿಯರನ್ನು ಕಂಡು ನನಗೂ ಗಂಟಲು ಕಟ್ಟಿತು. ಅದೇ ಹೊತ್ತಿಗೆ ಒಂದು ಅಳುಕೂ ಹುಟ್ಟಿತು, ಏಕೆಂದರೆ ಗಣಿ ಮುಚ್ಚಿದ ಊರಿಗೆ ಮಹಾನಗರದ ರೈಲು ಸಿಕ್ಕರೆ ಮುಂದೇನಾಗುತ್ತದೆ ಎಂಬುದನ್ನು ನಾನು ಒಮ್ಮೆ ನೋಡಿದ್ದೇನೆ. ನಮ್ಮ ಕೆ.ಜಿ.ಎಫ್.ನ ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡುವ ಗಾಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಾವಿರಾರು ಮಂದಿ ಕತ್ತಲಲ್ಲಿ ಬೆಂಗಳೂರಿಗೆ ಹೋಗಿ ಕತ್ತಲಲ್ಲಿ ಮರಳುತ್ತಾರೆ. ಆ ರೈಲು ಇಲ್ಲದಿದ್ದರೆ ನಮ್ಮೂರು ಉಪವಾಸ ಬೀಳುತ್ತಿತ್ತು, ಅದನ್ನು ದೂರುವ ಹಕ್ಕು ನನಗಿಲ್ಲ. ಆದರೆ ಒಂದೇ ದಿಕ್ಕಿಗೆ ತುಂಬಿ ಹೋಗುವ ರೈಲು ನಿಧಾನವಾಗಿ ಊರನ್ನು ರಾತ್ರಿ ತಂಗುವ ಛತ್ರವನ್ನಾಗಿ ಮಾಡುತ್ತದೆ. ಸಂಜೆ ಮೈದಾನದಲ್ಲಿ ಆಡಲು ಹುಡುಗರಿರುವುದಿಲ್ಲ, ನೋಡಲು ಅಪ್ಪಂದಿರಿರುವುದಿಲ್ಲ. ಭಾನುವಾರ ಎಲ್ಲರೂ ನಿದ್ದೆ ಮಾಡುತ್ತಾರೆ.

ಆಶಿಂಗ್ಟನ್ನಿಗೆ ಹಾಗಾಗಬೇಕಿಲ್ಲ. ನ್ಯೂಕ್ಯಾಸಲ್‌ನಿಂದ ಇತ್ತ ಕಡೆಗೆ ಹೊರಗಿನವರು ರೈಲು ಹತ್ತಿ ಬರಲು ಶನಿವಾರದ ಮೂರು ಗಂಟೆಯಷ್ಟು ಗಟ್ಟಿಯಾದ ಕಾರಣ ಈ ಊರಿನಲ್ಲಿ ಬೇರೆ ಹೆಚ್ಚಿಲ್ಲ. ಹಾಗಾಗಿ ನಿಮ್ಮನ್ನು ಕೇಳಿಕೊಳ್ಳುತ್ತಿದ್ದೇನೆ: ಎದುರು ದಿಕ್ಕಿನ ರೈಲು ಹತ್ತಿ ಬನ್ನಿ.

ನ್ಯೂಕ್ಯಾಸಲ್ ಯುನೈಟೆಡ್ ಮೇಲಿನ ನಿಮ್ಮ ಪ್ರೀತಿಗೆ ನನ್ನ ತಕರಾರಿಲ್ಲ. 2025ರ ಮಾರ್ಚ್ 16ರಂದು ಲಿವರ್‌ಪೂಲ್ ತಂಡವನ್ನು 2–1ರಲ್ಲಿ ಸೋಲಿಸಿ ಲೀಗ್ ಕಪ್ ಗೆದ್ದಾಗ ನಾನೂ ಕೂಗಿ ಗಂಟಲು ಹರಿದುಕೊಂಡೆ. 1955ರ ನಂತರ ದೇಶದೊಳಗಿನ ದೊಡ್ಡ ಕಪ್ ಬಂದದ್ದು ಅದೇ ಮೊದಲು. ಹಿಂದಿನ ಸಲ ಮೊದಲ ಗೋಲು ಹೊಡೆದದ್ದು ಆಶಿಂಗ್ಟನ್ನಿನ ಮಿಲ್ಬರ್ನ್, ಈ ಸಲ ಮೊದಲ ಗೋಲು ಹೊಡೆದದ್ದು ನಮ್ಮ ರೈಲು ಹಾದುಹೋಗುವ ಬ್ಲೈತ್‌ನಲ್ಲಿ ಹುಟ್ಟಿದ ಡ್ಯಾನ್ ಬರ್ನ್. ಆದರೆ ಐವತ್ತೆರಡು ಸಾವಿರ ಆಸನಗಳ ಆ ಅಂಗಳಕ್ಕೆ ಟಿಕೆಟ್ ಸಿಗದೆ ನಿಮ್ಮಲ್ಲಿ ಬಹುಪಾಲು ಜನ ಪಂದ್ಯವನ್ನು ನೋಡುವುದು ಹಾಲ್‌ನಲ್ಲಿ ಸೋಫಾದ ಮೇಲೆ. ಬೆಂಗಳೂರಿನಲ್ಲಿ ಕೂತು ನೋಡುವುದಕ್ಕೂ ಅದಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಅಷ್ಟು ದೂರ ಬಂದು ನೆಲೆಸಿದ ಮೇಲೆ, ಆಟಗಾರನ ಉಸಿರು ಕೇಳುವಷ್ಟು ಹತ್ತಿರದಲ್ಲಿ, ಹೊಡೆತ ತಪ್ಪಿದರೆ ಚೆಂಡು ನಿಮ್ಮ ಕಾಲಬುಡಕ್ಕೇ ಬಂದು ಬೀಳುವ ಜಾಗದಲ್ಲಿ ನಿಂತು ಆಟ ನೋಡುವ ಅವಕಾಶವನ್ನು ಬಿಟ್ಟುಕೊಡುತ್ತಿದ್ದೀರಿ.

ಬರುವವರಿಗೆ ನನ್ನದೊಂದು ಮನವಿ ಇದೆ. ದಯವಿಟ್ಟು ಪಾಳುಬಿದ್ದ ಊರು ನೋಡಲು ಬಂದವರಂತೆ ಬರಬೇಡಿ. ನಮ್ಮೂರಿಗೆ ಸಿನಿಮಾದ ಹೆಸರು ಕೇಳಿ ಬರುವವರು ಗಣಿ ಬಾಯಿಯ ಮೇಲಿನ ಉಕ್ಕಿನ ಗೋಪುರವಾದ ಹೆಡ್‌ಗೇರ್ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಒಂದು ಲೋಟ ಕಾಫಿಯನ್ನೂ ಅಲ್ಲಿ ಕುಡಿಯದೆ ಹೊರಟುಹೋಗುವುದನ್ನು ನೋಡಿ ನನಗೆ ಸಾಕಾಗಿದೆ. ಇಲ್ಲಿ ಗೇಟಿನಲ್ಲಿ ದುಡ್ಡು ಕೊಟ್ಟು ಒಳಗೆ ಬನ್ನಿ, ಪಾಸ್ ಕೇಳಬೇಡಿ, ಚಹಾ ಕುಡಿಯಿರಿ, ಮಾಂಸದ ಪೈ ತಿನ್ನದವರು ಚಿಪ್ಸ್ ತಿನ್ನಿ, ರ‍್ಯಾಫಲ್ ಚೀಟಿ ಕೊಳ್ಳಿ. ವರ್ಷಕ್ಕೊಮ್ಮೆ ಐವತ್ತು ಜನ ಬಸ್ಸು ಮಾಡಿಕೊಂಡು ಬಂದು ಬ್ಯಾನರ್ ಹಿಡಿಯುವುದಕ್ಕಿಂತ, ತಿಂಗಳಿಗೊಮ್ಮೆ ಎರಡು ಮನೆಯವರು ಸದ್ದಿಲ್ಲದೆ ಬಂದು ನಿಲ್ಲುವುದು ಕ್ಲಬ್ಬಿಗೆ ಹೆಚ್ಚು ಉಪಯೋಗ. ನಮ್ಮಲ್ಲಿ ಹೋಟೆಲು, ಕೇಟರಿಂಗ್, ಸಾಫ್ಟ್‌ವೇರ್ ಸಲಹೆ ಎಂದು ಸ್ವಂತ ವ್ಯವಹಾರ ನಡೆಸುವವರು ಕೆಲವರಿದ್ದೀರಿ. ಈ ಮಟ್ಟದ ಕ್ಲಬ್ಬುಗಳಲ್ಲಿ ಒಂದು ಪಂದ್ಯದ ಚೆಂಡಿನ ಖರ್ಚು ವಹಿಸಿಕೊಂಡರೂ ಮೈಕಿನಲ್ಲಿ ಹೆಸರು ಹೇಳಿ ಕೃತಜ್ಞತೆ ಸಲ್ಲಿಸುವ ವಾಡಿಕೆ ಇದೆ, ನಮ್ಮ ಹೆಸರುಗಳನ್ನು ಅವರು ಉಚ್ಚರಿಸುವ ಬಗೆಯನ್ನು ಕೇಳಲಾದರೂ ಅಷ್ಟು ಖರ್ಚು ಮಾಡಬಹುದು. ಮಕ್ಕಳನ್ನು ವಾರಕ್ಕೆ ಐದು ಟ್ಯೂಷನ್ನಿಗೆ ಕಳುಹಿಸುವ ತಂದೆತಾಯಿಗಳಿಗೆ ನಾನು ಹೇಳುವುದು ಇಷ್ಟೇ: ನನ್ನ ಮಗಳು ಕಿರಿಯರ ತಂಡವೊಂದರಲ್ಲಿ ಆಡಲು ತೊಡಗಿದ ವರ್ಷವೇ ನನಗೆ ಈ ಊರಿನಲ್ಲಿ ಹೆಸರು ಹಿಡಿದು ಕರೆಯುವ ಮೂವತ್ತು ಜನ ಸಿಕ್ಕರು, ಅದಕ್ಕೆ ಮೊದಲಿನ ವರ್ಷಗಳಲ್ಲಿ ನಾಲ್ಕೈದು ಮಂದಿಯೂ ಇರಲಿಲ್ಲ.

ರಾಜ್ಯೋತ್ಸವದ ದಿನ ನನ್ನನ್ನು ಕೇಳಿದ ಆ ಯುವಕರು ಇದನ್ನು ಓದುತ್ತಿದ್ದರೆ, ಅವರ ಜೆರ್ಸಿಯ ಬಗ್ಗೆ ಚಿಂತೆ ಬೇಡ. ಆಶ್ಚರ್ಯವೆಂದರೆ ಆಶಿಂಗ್ಟನ್ನಿನ ಬಣ್ಣವೂ ಕಪ್ಪು ಬಿಳುಪಿನ ಪಟ್ಟೆಯೇ, ಯಾರೂ ವ್ಯತ್ಯಾಸ ಕಂಡುಹಿಡಿಯಲಾರರು. ಒಳಗೆ ಮಾತ್ರ ಒಂದು ಉಣ್ಣೆಯ ಬನಿಯನ್ ಇರಲಿ, ಮೇಲೆ ಮಳೆ ತಡೆಯುವ ಕೋಟು. ಮಧ್ಯಾಹ್ನ ಎರಡರೊಳಗೆ ಬಂದಿಳಿಯುವ ಯಾವ ರೈಲಾದರೂ ಸರಿ, ಅಂಗಳಕ್ಕೆ ನಡೆದೇ ಹೋಗೋಣ, ದಾರಿಯಲ್ಲಿ ಮಿಲ್ಬರ್ನ್ ಅವರ ಪ್ರತಿಮೆಯನ್ನು ತೋರಿಸುತ್ತೇನೆ. ಹೊರಡುವಾಗ ನಮ್ಮ ಕೂಟದ ಗುಂಪಿನಲ್ಲಿ ಒಂದು ಸಂದೇಶ ಹಾಕಿ. ನಿಲ್ದಾಣದ ಹೊರಗೆ, ಕೆಂಪು ಹಳದಿ ಶಾಲು ಹೊದ್ದು ನಿಂತಿರುತ್ತೇನೆ.

ಇಂತಿ ನಿಮ್ಮವಳು,
ಆಶಿಂಗ್ಟನ್ನಿನಲ್ಲಿ ನೆಲೆಸಿರುವ ಒಬ್ಬ ಕೆ.ಜಿ.ಎಫ್. ಮಗಳು